ಎರಡನೇ ಬ್ರೇಕು

ಆಯಿಲ್ ಕಡ್ಡಿ ಎಳೆದು ಇನಾಯತ್ ಬೆಳಕಿಗೆ ಹಿಡಿದ:
ಹಾಲು ಹೆಚ್ಚಾದ ಕಾಫಿಯ ಬಣ್ಣ.
'ನೀರು ಸೇರ್ಕೊಂಡೈತೆ ಮೇಡಂ. ಹೆಡ್ಡು ಬಿಚ್ಚಬೇಕು,
ಬೋರು ಮಾಡುಸ್ಬೇಕು. ಮೂವತ್ತು ಸಾವಿರ.
ಗುಜರಿಗಾಕುದ್ರೆ ಇಪ್ಪತ್ತೆರಡು ಸಿಕ್ತದೆ.'

ಗುತ್ತಲು ರಸ್ತೆಯಲ್ಲಿ ಕಬ್ಬಿನ ಲಾರಿಯೊಂದು
ಜಲ್ಲೆ ಉದುರಿಸುತ್ತ ಹೋಯಿತು.
ನಾನೂ ಕೂಡಿ ಕಳೆದು ನೋಡಿದೆ.
ಲೆಕ್ಕ ಗುಜರಿಯ ಕಡೆಗೇ ನಿಂತಿತು.

ಮಾರುತಿಯ ಎಡಗಡೆ ಸೀಟಲ್ಲಿ ಕೂತೆ, ಅಭ್ಯಾಸಬಲ.
ಕಾಲಡಿ ನನ್ನ ಬ್ರೇಕು,
ರಬ್ಬರು ಸವೆದು ಕಬ್ಬಿಣ ಹೊಳೆಯುತ್ತದೆ.
ಹತ್ತೊಂಬತ್ತು ವರ್ಷ ಬೇರೆಯವರ ಭಯವನ್ನೆಲ್ಲ
ಇಲ್ಲೇ ಒತ್ತಿ ನಿಲ್ಲಿಸಿದ್ದು.
ಆಸ್ಪತ್ರೆಯ ನರ್ಸುಗಳು, ಹೊಸ ಸೊಸೆಯಂದಿರು,
ಕ್ಲಚ್ಚು ಬಿಡುವಾಗ ಕಣ್ಣು ಮುಚ್ಚುತ್ತಿದ್ದ
ಪೋಸ್ಟ್‌ಮಾಸ್ಟರ್ ಚಿಕ್ಕಲಿಂಗಯ್ಯ,
ಮತ್ತೆ ಇದೇ ಇನಾಯತ್.
ಆರ್‌ಟಿಓ ಮೈದಾನದಲ್ಲಿ ಎಂಟು ಹಾಕಲು ಹೋಗಿ
ಎರಡು ಸಲ ಕಂಬ ಬೀಳಿಸಿದವನು.

ಅವನೂ ಈಗ ಆ ಪೆಡಲನ್ನೇ ನೋಡುತ್ತಿದ್ದಾನೆ,
ಕೊಳೆ ಬಟ್ಟೆಯಲ್ಲಿ ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತ.
'ಇಪ್ಪತ್ತಾರು,' ಅಂದ.
ಸ್ವಲ್ಪ ಹೊತ್ತು ಬಿಟ್ಟು,
'ನನ್ ಕೂಲಿ ಬ್ಯಾಡ.'

ನಾನು ಬ್ರೇಕಿನ ಮೇಲಿಂದ
ಇನ್ನೂ ಕಾಲು ತೆಗೆದಿಲ್ಲ.