ಸೊನ್ನೆ ನಂಬರಿನ ಗಾಡಿ

ನವಲೂರ ಏರಿನ್ಯಾಗ ಒಂದು ರೋಡ್ ರೋಲರ್.
ತಾಸಿಗೆ ಐದು ಕಿಲೋಮೀಟರ್, ಏರು ಬಂದರ ನಾಲ್ಕೂ ಇಲ್ಲ.
ಬಲಕ್ಕ ಪೈಪಿಗಂತ ಅಗದಾರ, ಉಳದದ್ದು ಒಂದ ಸಾಲಿನ ದಾರಿ.
ಹಿಂದ ಹೊಟ್ಟಿನ ಟ್ರ್ಯಾಕ್ಟರ್, ಹಾಲಿನ ಟೆಂಪೋ,
ಮದುವಿ ಮಂದಿ ತುಂಬಿದ ಕ್ರೂಸರ್, ಆಟೋ, ಆಟೋ, ಮತ್ತ ಆಟೋ,
ಹನ್ನೊಂದನೇದು ನನ್ನ ಸ್ಕೂಟಿ.
ಡಿಕ್ಕಿಯೊಳಗ ಎಪ್ಪತ್ತೆರಡು ಉತ್ತರಪತ್ರಿಕೆ,
ಎಲ್ಲಾದರಾಗೂ ಇದ ಲೆಕ್ಕ.

ಲೆಕ್ಕ ಸರಳ ಅದ.
ಮುಂದಿನವನ ವೇಗದಾಗ ನನ್ನ ವೇಗ ಕಳೀರಿ,
ಉಳದದ್ದನ್ನ ಲ್ಯಾಮ್ಡಾದಿಂದ ಗುಣಿಸ್ರಿ,
ಅದು ನನ್ನ ವೇಗೋತ್ಕರ್ಷ.
ಅಂದರ ನಾ ಎಷ್ಟು ಅವಸರ ಮಾಡಬೇಕಂಬೂದು
ನನ್ನ ಕೈಯಾಗಿಲ್ಲ.
ಮುಂದಿನವಂದು ಅವನ ಮುಂದಿನವನ ಕೈಯಾಗ.
ಒಂದರ ಕೊರಳಿಗೆ ಒಂದು ಬಿಗದ ಅವಕಲ ಸಮೀಕರಣ,
ದಾವಣಿ ಎತ್ತಿನಂಗ.

ಇನ್ನ ಟೌ ಅಂತ ಒಂದದ.
ಮುಂದಿನ ಕೆಂಪು ದೀಪ ಕಣ್ಣಿಗೆ ಬಿದ್ದು
ಬೆರಳಿಗೆ ಸುದ್ದಿ ಮುಟ್ಟೂತನಕಾ ಆಗೂ ತಡಾ.
ಪುಸ್ತಕದಾಗ ಒಂದು ಸೆಕೆಂಡು.
ಕ್ರೂಸರಿನವಗ ಎರಡು,
ಬಾಯಾಗ ಎಲಿ ಅಡಿಕಿ, ಕಿವ್ಯಾಗ ಫೋನು.
ಲ್ಯಾಮ್ಡಾ ಟೌ ಗುಣಾಕಾರ ಅರ್ಧ ದಾಟಿತೋ,
ಮುಂದ ಒಬ್ಬಾವ ಬ್ರೇಕಿಗೆ ಕಾಲು ತಾಗಿಸಿದ್ದು
ಹತ್ತನೇ ಗಾಡಿಗೆ ಕುಲುಕು,
ಇಪ್ಪತ್ತನೇದಕ್ಕ ಪೂರಾ ನಿಲುಗಡಿ.
ಗಾಡಿ ಧಾರವಾಡದ ಕಡೆ ಹೊಂಟಾವ,
ನಿಲ್ಲೂದು ಹುಬ್ಬಳ್ಳಿ ಕಡೆ ಹೊಂಟದ,
ಸತ್ತೂರು, ರಾಯಾಪುರ,
ಅಲ್ಲಿ ಹಾರ್ನ್ ಬಡಿಯೂ ಮಂದಿಗೆ
ರೋಲರ್ ಕಣ್ಣಿಗೂ ಬಿದ್ದಿಲ್ಲ.

ನಡುವಿನ ದಾರ್ಯಾಗ ಚಿಗರಿ ಬಸ್ಸು, ಹೆಸರಿಗೆ ತಕ್ಕಂಗ,
ಒಂದು ಹೋತು. ಇನ್ನೊಂದು.
ಅವಕ್ಕ ಕಬ್ಬಿಣದ ಬೇಲಿ ಅದ, ನಮ್ಮ ಸಮೀಕರಣದ ಹಂಗಿಲ್ಲ.

ಹೋದ ವಾರ ಯರಗುಪ್ಪಿ ಹುಡುಗಿ ಕಡೀ ಬೆಂಚಿನಿಂದ ಕೇಳಿದ್ದಳು,
"ಮೇಡಂ, ಎಲ್ಲಾರಿಗೂ ಒಂದೊಂದು ಸಮೀಕರಣ,
ಎಲ್ಲಾರಕಿಂತ ಮುಂದಿನವಗ ಯಾಕಿಲ್ರೀ?"
ಅವಂದು ಕೊಟ್ಟದ್ದು, ಅಂದೆ. ಸೊನ್ನೆ ನಂಬರಿನ ಗಾಡಿ.
ಅವನ ವೇಗ ನಾವು ಕೇಳೂ ಹಂಗಿಲ್ಲ, ಬರಕೊಳ್ಳೂದು.
ಬರಕೊಂಡಳು.

ಗಾಂಧಿನಗರದ ಹತ್ರ ರೋಲರ್ ಬದಿಗೆ ಸರೀತು, ನಿಂತಿತು.
ಎಲ್ಲಾರೂ ಬುರ್ರಂತ ಹೊಂಟರು. ಒಬ್ಬಾವ ಬೈದು ಹೋದ.
ನಾ ಯಾಕೋ ನಿಂತೆ.
ದಾವಲಸಾಬ ಹೊಂಬಳ ಕೆಳಗಿಳದು ಕ್ಯಾನಿನ ನೀರು
ಮೊದಲ ಎಂಜಿನ್ನಿಗೆ ಹಾಕಿದ, ಆಮ್ಯಾಲೆ ಮಾರಿಗೆ.
"ಸಾಲು ಭಾಳ ಉದ್ದ ಆಗಿತ್ತಲ್ರೀ. ಜಾಗಾ ಸಿಕ್ಕಲ್ಲೆ ಸರಕೋತ ಬಂದೀನಿ.
ಉಣಕಲ್ಲಿನಿಂದ ಇದು ನಾಲ್ಕನೇ ಸಲ."
ಹಿಂದ ಎಷ್ಟು ಗಾಡಿ ಅಂತ ಹೆಂಗ ಗೊತ್ತಾಗತದ?
ಕನ್ನಡಿ ತೋರಿಸಿದ.
ಕ್ಷೌರದಂಗಡಿಯ ಕನ್ನಡಿ, ತಂತಿಲೆ ಬಿಗದದ್ದು, ಒಂದು ಮೂಲಿ ಸೀಳೇದ,
ಅದರೊಳಗ ಖಾಲಿ ರಸ್ತಾ, ಹಳದಿ ಧೂಳು, ಮತ್ತ ನಾನು.
"ಹಿಂದ ಮಂದಿ ನಿಂತರ ಬೆನ್ನು ಭಾರ ಆಗತದ್ರೀ.
ಹತ್ತು ಟನ್ ಉರುಳಿಸೂದು ಹಗುರ."

ರಾತ್ರಿ ಪೇಪರ್ ತಿದ್ದೂವಾಗ ನಲವತ್ತಮೂರನೇದು ಆಕಿದು.
ಚಿತ್ರದಾಗ ಬಾಣ ಎಲ್ಲಾ ಮುಂದಕ್ಕ, ನಾ ಕಲಿಸಿದಂಗ.
ಸೊನ್ನೆಯಿಂದ ಮಾತ್ರ ಒಂದು ಹಿಂದಕ್ಕ,
ಪೆನ್ಸಿಲಿನ್ಯಾಗ, ಸಣ್ಣದು,
ಅಳಿಸಿ ಮತ್ತ ಬರದದ್ದು.
ಕೆಂಪು ಪೆನ್ನು ಹಿಡಕೊಂಡು ಕೂತೆ.
ಹೋದ ಮಂಗಳವಾರ ಕೇಳಿದ್ದಳು ಆಕಿ.
ಇವತ್ತ ಬುಧವಾರ.
ನನ್ನ ಟೌ ಎಂಟು ದಿನ.