ಗೂಡಿಗೆ ಅಂಕ

ಮೊದಲು ವಾಚು ಬಿಚ್ಚು, ಅಫ್ವಾನ್. ಅತ್ತರು ಹಚ್ಚಿದ್ದೀಯಲ್ಲ,
ನಾಳೆಯಿಂದ ಬೇಡ. ಅವಕ್ಕೆ ಮೂಗೇ ಕಣ್ಣು.
ಹೊರಗೆ ನಲವತ್ತೇಳು ಡಿಗ್ರಿ, ಹಫೀತ್ ಬೆಟ್ಟ
ಕಾವಲಿಯ ಹಾಗೆ ಕಾದಿದೆ; ಇಲ್ಲಿ ಇಪ್ಪತ್ತೆರಡು.
ಅಲ್ ಐನ್‌ನಲ್ಲಿ ನಮ್ಮಂಥವರಿಗೆ ಸಿಗುವ ತಂಪಿನಲ್ಲಿ
ಇದೇ ಒಳ್ಳೆಯದು. ಅದೂ ನಮಗೆಂದು ಹಾಕಿದ್ದಲ್ಲ.

ಕೆಂಪು ದೀಪ ಕಂಡು ಗಾಬರಿಯಾಗಬೇಡ.
ನಮ್ಮ ಹಗಲು ಇಲ್ಲಿ ಅವುಗಳ ರಾತ್ರಿ.
ಕೆಂಪು ಅವಕ್ಕೆ ಕಾಣದು; ನೀನು ಅವಕ್ಕೆ
ಬರೀ ಒಂದು ವಾಸನೆ, ನೆಲದಲ್ಲೊಂದು ಅದುರು.
ಮೆಲ್ಲಗೆ ನಡೆ.

ನಾನು ಬಂದ ವರ್ಷ ಬಾಲ ಹಿಡಿದೇ ಎತ್ತುತ್ತಿದ್ದೆವು.
ಗಂಗೊಳ್ಳಿಯಲ್ಲಿ ಬಲೆಯಿಂದ ಮೀನು ಬಿಡಿಸಿದ ಕೈ ಇದು,
ಒದ್ದಾಡುವುದನ್ನು ಹಿಡಿಯುವುದು ಹೊಸತಲ್ಲ.
ಪ್ರತಿ ಸಲವೂ ಗ್ಲೌಸಿನ ಮೇಲೆ ಉಚ್ಚೆ, ಹಿಕ್ಕೆ.
ಇಲಿ ಅಂದರೆ ಹಾಗೇ ಅಂದುಕೊಂಡಿದ್ದೆ.
ಆಮೇಲೆ ಓಮ್ದುರ್ಮಾನ್ ಕಡೆಯ ಡಾಕ್ಟರ್ ಸುಆದ್ ಬಂದರು.
ಒಂದು ಪ್ಲಾಸ್ಟಿಕ್ ಕೊಳವೆ ಪಂಜರದೊಳಗಿಟ್ಟು
ಕೈಕಟ್ಟಿ ನಿಂತರು. ನಾನೂ ನಿಂತೆ. ಎರಡು ನಿಮಿಷ.
ಇಲಿ ತಾನಾಗಿ ಒಳಹೊಕ್ಕಿತು. ಕೊಳವೆ ಎತ್ತಿದರು.
ಗ್ಲೌಸು ಒಣಗಿಯೇ ಇತ್ತು.
ಇಷ್ಟಕ್ಕೆ ಹಿಂದಿನ ಕೆಲಸದಲ್ಲಿ ಮೂರು ವರ್ಷ ಅರ್ಜಿ ಬರೆದಿದ್ದರಂತೆ.
ಎರಡು ನಿಮಿಷ ಎಲ್ಲಿಂದ ತರೋಣ, ಅಂದರಂತೆ ಅಲ್ಲಿ.

ಈಗ ಮುಖ್ಯ ಕೆಲಸ. ಪಾಳಿ ಮುಗಿಸುವಾಗ ಪಂಜರಕ್ಕೊಂದು
ಹತ್ತಿಯ ಚೌಕ, ಆವಿಯಲ್ಲಿ ಬೇಯಿಸಿದ್ದು.
ಬೆಳಿಗ್ಗೆ ನೋಡು. ಮುಟ್ಟದೆ ಬಿಟ್ಟಿದ್ದರೆ ಒಂದು.
ಹರಿದು ಚೆಲ್ಲಿದ್ದರೆ ಎರಡು. ತಟ್ಟೆಯಂತಿದ್ದರೆ ಮೂರು,
ಅಂಚು ಎದ್ದು ಬಟ್ಟಲಾಗಿದ್ದರೆ ನಾಲ್ಕು.
ಮೇಲೂ ಮುಚ್ಚಿ, ಒಳಗೆ ಯಾರೆಂದೇ ತಿಳಿಯದಂತೆ
ಗುಮ್ಮಟವಾಗಿದ್ದರೆ ಐದು.

ನೋವಿರುವ ಇಲಿ ಕಿರುಚುವುದಿಲ್ಲ, ತಮ್ಮಾ.
ಕಿರುಚಿದರೆ ಹದ್ದಿಗೆ ಗೊತ್ತಾಗುತ್ತದೆ; ಹದ್ದನ್ನೇ ಕಾಣದ
ನೂರು ತಲೆಮಾರು ಕಳೆದರೂ ಆ ಭಯ ಮರೆತಿಲ್ಲ.
ಹಾಸಿಗೆ ಹಾಸುವುದಿಲ್ಲ, ಅಷ್ಟೇ.
ಆಪರೇಷನ್ನಾದ ಮಾರನೆ ದಿನ ಐದು ಇದ್ದದ್ದು ಒಂದಕ್ಕಿಳಿದರೆ
ಊಟಕ್ಕೆ ಹೋಗಬೇಡ, ಫೋನ್ ಮಾಡು.
ನೋವಿನ ಮದ್ದು ಮೇಲಿನ ಕಪಾಟಿನಲ್ಲಿ, ಬೀಗದ ಕೈ ಡಾಕ್ಟರ ಹತ್ತಿರ.
ರಾತ್ರಿ ಎರಡಕ್ಕೂ ಬಂದಿದ್ದಾರೆ,
ಎಡಬಲಕ್ಕೆ ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು.

ಈ ಚಟ ರೂಮಿಗೂ ಬರುತ್ತದೆ, ಹೇಳಿರುತ್ತೇನೆ.
ಸನಾಇಯಾದಲ್ಲಿ ನಮ್ಮದು ಎಂಟು ಬಂಕು.
ಕೆಳಗಿನ ಹುಸೇನಪ್ಪ, ಮಸ್ಕಿ ಕಡೆಯವ, ಸೆಂಟ್ರಿಂಗ್ ಕೆಲಸ,
ದಿನಾ ಚಾದರವನ್ನು ಬುತ್ತಿರೊಟ್ಟಿಯಂತೆ ಮಡಚುವವ,
ಹೋದ ಚಳಿಗಾಲ ಮೂರು ದಿನ ಮಡಚಲಿಲ್ಲ.
ಒಂದು, ಎಂದಿತು ನನ್ನ ತಲೆ.
ಕೇಳಿದರೆ "ಏನಿಲ್ರಿ ಅಣ್ಣ." ಅಂಗಿ ಎತ್ತಿ ನೋಡಿದೆ:
ಪಕ್ಕೆ ಬದನೆಕಾಯಿ ಬಣ್ಣ. ಬಿದ್ದೆನೆಂದರೆ
ಊರಿಗೆ ಕಳಿಸುತ್ತಾರೆಂದು ಬಾಯಿ ಕಟ್ಟಿಕೊಂಡಿದ್ದ.
ನಮ್ಮ ಬಂಕಿಗೆ ಅಂಕ ಹಾಕುವ ಹಾಳೆ ಎಲ್ಲಿಯೂ ಇಲ್ಲ.
ಇಲಿಗಿದೆ ಎಂದು ಹೊಟ್ಟೆಯುರಿಯಬೇಡ ಮತ್ತೆ;
ನಾನೂ ಒಂದು ವಾರ ಉರಿದುಕೊಂಡೆ. ಅದರ ಪಾಲಿನ ಹತ್ತಿ
ಕಸಿದರೆ ಹುಸೇನಪ್ಪನ ಪಕ್ಕೆ ಕೂಡುವುದಿಲ್ಲ.

ಇನ್ನೊಂದು. ಇದನ್ನು ನಿನಗೆ ಯಾರೂ ಹೇಳಿರುವುದಿಲ್ಲ.
ಕೊನೆಯ ದಿನ ಅಂತ ಒಂದಿದೆ. ಚಾರ್ಟಿನಲ್ಲಿ ಗೆರೆ.
ಗ್ಯಾಸು ನಿಧಾನ ಬಿಡಬೇಕು, ಅವುಗಳ ಮನೆಯಲ್ಲೇ,
ಕೂಡಿ ಬೆಳೆದವುಗಳ ಜೊತೆಗೇ. ಬೇರೆ ಡಬ್ಬಿಗೆ ಸುರಿಯಬಾರದು.
ಮೊದಲು ಅರವತ್ನಾಲ್ಕು ಬೇಕಿತ್ತು, ಲೆಕ್ಕ ತಿದ್ದಿ ತಿದ್ದಿ
ನಲವತ್ತಕ್ಕೆ ತಂದಿದ್ದಾರೆ. ನಲವತ್ತೂ ಸಣ್ಣ ಸಂಖ್ಯೆಯಲ್ಲ.
ಸಕ್ಕರೆ ಕಾಯಿಲೆಗೆ ಮದ್ದು ಸಿಗಬಹುದು, ನನ್ನ ಅಮ್ಮನಿಗೂ.
ಅದೇ ಅಮ್ಮ ಅಕ್ಕಿ ಡಬ್ಬಿಯ ಹಿಂದೆ ಪಾಷಾಣದ ಉಂಡೆ ಇಡುವವಳು;
ಇಲಿಗೆ ಹಾಸಿಗೆ ಹಾಸುತ್ತೇನೆಂದರೆ
ಫೋನಿನಲ್ಲಿ ಕೆಮ್ಮು ಬರುವಷ್ಟು ನಗುತ್ತಾಳೆ.
ಇವೆಲ್ಲವನ್ನೂ ಒಂದೇ ಕೈಯಲ್ಲಿ ಹಿಡಿಯುವುದು ಹೇಗೆಂದು
ನನ್ನನ್ನು ಕೇಳಬೇಡ. ಡಾಕ್ಟರನ್ನೂ ಕೇಳಬೇಡ,
ಆ ದಿನ ಅವರು ಚಹಾ ಕುಡಿಯುವುದಿಲ್ಲ.

ಕಳೆದ ಸಲ ಎಲ್ಲ ಮುಗಿದು ಪಂಜರ ತೊಳೆಯಲು ತಂದಾಗ
ಹದಿನೇಳನೆಯದರಲ್ಲಿ ಗುಮ್ಮಟ ಹಾಗೇ ಇತ್ತು.
ಬೆರಳಿಟ್ಟರೆ ಒಳಗಿನ್ನೂ ಬೆಚ್ಚಗೆ.
ಆ ದಿನದ ಕಾಲಮ್ಮಿಗೆ ಗೆರೆ ಎಳೆದಾಗಿತ್ತು.
ಗೆರೆಯ ಪಕ್ಕ ಜಾಗವಿದ್ದಷ್ಟರಲ್ಲಿ ಬರೆದೆ: ಐದು.

ಗ್ಲೌಸು ಹಾಕು. ಮೀಡಿಯಮ್ಮಾ? ಬಾ.