ಬದಲಿಗೆ ಬರುವವಳಿಗೆ

ತಂಗೀ, ಮೊದಲು ಬಾಗಿಲ ಬಳಿಯ ಕರಿ ಚಾಪೆಯ ಮಾತು.
ಸೊಸೆ ಹೇಳಿದರೂ ಅದನ್ನು ಮತ್ತೆ ಹಾಸಬೇಡ.
ನಮಗದು ಕಾಲೊರಸು. ಬೀಬಿ ಝುವೈನಾಗೆ ಬಾವಿ.
ಮೂರು ತಿಂಗಳು ಅದರ ಅಂಚಿನಲ್ಲಿ ನಿಂತು ನಡುಗಿದಳು.
ಹಟಮಾರಿ ಎಂದರು ಎಲ್ಲರೂ. ನಾನೂ ಅಂದೆ, ಸುಳ್ಳೇಕೆ.
ಒಂದು ದಿನ ಬಗ್ಗಿ ಅದರೊಳಗೆ
ಯಾರದೋ ಹೆಸರು ಕೂಗಿದಳು,
ಕಿವಿಗೊಟ್ಟು ಕಾದಳು.
ಆಗ ಸುತ್ತಿ ಅಟ್ಟಕ್ಕೆ ಹಾಕಿದೆ.

ಒಲೆಯ ತಿರುಗಣೆಗಳು ಅಕ್ಕಿ ಡಬ್ಬಿಯಲ್ಲಿವೆ.
ಖರ್ಜೂರ ಎರಡೇ, ಸಕ್ಕರೆ ಕಾಯಿಲೆ;
ಮೂರನೆಯದನ್ನು ತಾನೇ ಕದಿಯುತ್ತಾಳೆ, ನೋಡದಂತಿರು.
ಹಾಲ್‌ನ ಕನ್ನಡಿಗೆ ಬಟ್ಟೆ ಹೊದಿಸಿರುವುದು ನಾನೇ.
ಅಲ್ಲೊಬ್ಬ ಮುದುಕಿ ಬಂದು ಕೂತಿರುತ್ತಾಳಂತೆ ದಿನಾ,
ಕಹ್ವಾ ಕೊಟ್ಟರೆ ಕುಡಿಯುವುದಿಲ್ಲ,
ಕೊಡದಿದ್ದರೆ ನೋಡುತ್ತಲೇ ಇರುತ್ತಾಳೆ.
ಬಂದವರು ಬರಿಗಂಟಲಲ್ಲಿ ಕೂತರೆ
ಬೀಬಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ.

ಡಾಕ್ಟರು ಪರದೆಯ ಮೇಲೆ ಮಿದುಳು ತೋರಿಸಿದರು:
ಒಣ ಅಂಜೂರದಂತೆ ಮುದುಡಿದ ಅಂಚು, ನಡುವೆ ಕಪ್ಪು ಖಾಲಿ.
ಹೊಸತು ಮೊದಲು ಅಳಿಯುತ್ತದೆ, ಹಳತು ಕೊನೆಗೆ, ಅಂದರು.
ಮಗ ಸಾಲಿಂ ತಲೆಯಾಡಿಸಿದ. ಕಾರಿನಲ್ಲಿ ಅತ್ತ.
ನನಗೆ ಅವಳ ಕೋಣೆಯ ಮಂದೂಸು ನೆನಪಾಯಿತು,
ಹಿತ್ತಾಳೆ ಮೊಳೆಯ ದೊಡ್ಡ ಮರದ ಪೆಟ್ಟಿಗೆ.
ಮೇಲಿಟ್ಟ ಅರಿವೆ ಮೊದಲು ಕಳ್ಳನ ಕೈಗೆ.
ಆದರೆ ಈ ಕಳ್ಳನಿಗೆ ಲೆಕ್ಕ ಬಾರದು ತಂಗೀ:
ಹೆತ್ತ ಮಗನ ಹೆಸರು ಒಯ್ದ,
ಮೊನ್ನೆ ಮೀನಿನವನು ಕೊಡದೆ ಉಳಿಸಿಕೊಂಡ
ಇನ್ನೂರು ಬೈಸಾ ಮಾತ್ರ ಬಿಟ್ಟುಹೋದ.

ಮೂರು ವರ್ಷ ಒದ್ದಾಡಿ ಅರಬ್ಬಿ ಕಲಿತೆ.
ನಾನು ಕಲಿಯುವಷ್ಟರಲ್ಲಿ ಅವಳಿಂದ ಅದು ಇಳಿದುಹೋಯಿತು.
ಉಳಿದದ್ದು ಝಂಝಿಬಾರಿನ ಮಾತು,
ಹದಿನಾರರಲ್ಲಿ ಹಡಗು ಹತ್ತುವ ಮುಂಚಿನದು,
ಮಕ್ಕಳಿಗೂ ಕಲಿಸದೆ ನುಂಗಿದ್ದು.
ಬೆಟಗೇರಿಯವಳಿಗೆ ಸ್ವಾಹಿಲಿ ಎಲ್ಲಿಂದ ಬರಬೇಕು?
ಒಂದು ಬೆಳಿಗ್ಗೆ "ಚಪಾತಿ" ಅಂದಳು. ನಮ್ಮದೇ ಚಪಾತಿ!
ಗಾರಿ ಅಂದರೆ ಗಾಡಿ, ದುಕಾ ಅಂದರೆ ದುಕಾನು,
ಚಾಯಿ ಅಂದರೆ ಚಾ, ಪೆಸಾ ಅಂದರೆ ಪೈಸಾ.
ಯಾವ ಕಾಲದ ಹಾಯಿ ಒಯ್ದು ಚೆಲ್ಲಿತ್ತೋ.
ಐದು ಮಾತಿನ ಮೇಲೆ ನಾವಿಬ್ಬರು
ವರುಷ ಸಂಸಾರ ಮಾಡಿದ್ದೇವೆ.

ಸಂಜೆ ಬಾಂಗಿನ ಹೊತ್ತು ಕಷ್ಟ.
ಒಂದೇ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬರುತ್ತಾಳೆ.
"ನ್ಯುಂಬಾನಿ" ಅಂದರೆ ಮನೆಗೆ.
ಇದೇ ಮನೆ ಅಂತ ಮಾತ್ರ ಹೇಳಬೇಡ.
ಸಾಲಿಂ ಹೇಳಿದ; ಪತ್ರ ತೋರಿಸಿದ, ಗೋಡೆಯ ಫೋಟೊ ತೋರಿಸಿದ.
ಮನೆ ಕಸಿದವನು ನೀನೇ ಎಂದು ಅವನ ಮೇಲೆ ಉಗುಳಿದಳು.
ನೀನು "ಹೋಗೋಣ" ಅನ್ನು. ಇನ್ನೊಂದು ಚಪ್ಪಲಿ ಹಾಕು.
ಡ್ರೈವರ್ ಶಂಶೀರನಿಗೆ ಗೊತ್ತು,
ಸೀಬ್‌ನ ಮೀನುಪೇಟೆ ದಾಟಿ, ಕಡಲ ದಂಡೆಗುಂಟ,
ವೃತ್ತ ಸುತ್ತಿ, ಇದೇ ಬಾಗಿಲಿಗೆ ತರುತ್ತಾನೆ.
"ಬಂತು" ಅನ್ನು. ಕೆಲವು ದಿನ ನಂಬುತ್ತಾಳೆ.
ನಂಬದ ದಿನ ಇನ್ನೊಂದು ಸುತ್ತು.

ಮೋಸವಲ್ಲವೇ ಅಕ್ಕಾ ಅಂತ ಕೇಳುತ್ತೀ.
ನನ್ನ ಅಡ್ಡಹೆಸರು ಹಾದಿಮನಿ;
ಲೇಬರ್ ಕಾರ್ಡಿನಲ್ಲಿ ಇನ್ನೇನೋ ಬರೆದಿದ್ದಾರೆ, ಓದಿದರೆ ನಗು.
ಗಾಜು ಇಳಿಸಿ ಉಪ್ಪುಗಾಳಿಗೆ ಮುಖ ಕೊಟ್ಟು
ಹಾದಿಯಲ್ಲಿರುವಷ್ಟು ಹೊತ್ತು
ಅವಳು ಮನೆ ಕೇಳುವುದಿಲ್ಲ.
ನಾನು ಕಂಡದ್ದು ಇಷ್ಟೇ.

ನನ್ನನ್ನು ರಯ್ಯಾ ಅನ್ನುತ್ತಾಳೆ.
ತಂಗಿ. ಹಡಗು ಹತ್ತದೆ ಉಳಿದವಳು.
ಚಾಪೆಯೊಳಗೆ ಕೂಗಿದ್ದೂ ಅದೇ ಹೆಸರು.
ನಾಳೆ ನಿನ್ನನ್ನೂ ರಯ್ಯಾ ಅಂದರೆ ಓಗೊಡು.
ಊರಲ್ಲಿ ಕೂತು ನನಗೆ ಹೊಟ್ಟೆಕಿಚ್ಚಾದೀತು, ಆಗಲಿ.

ಎರಡು ತಿಂಗಳಿಗೆ ಬರುತ್ತೇನೆ.
ಗುರುತು ಉಳಿದಿರುವುದಿಲ್ಲ, ಗೊತ್ತು.
ಹೊಸಬಳಂತೆ ಬಾಗಿಲು ತಟ್ಟಿ
ಕನ್ನಡಿಯ ಎದುರಿನ ಕುರ್ಚಿಯಲ್ಲಿ ಕೂರುತ್ತೇನೆ.
ಕಹ್ವಾ ಕೊಟ್ಟಾಳು.
ಕುಡಿಯುತ್ತೇನೆ.